ಅಕ್ಕನ ಮಗಳಿಗೆ ಇಂಗ್ಲಿಷ್ ವ್ಯಾಕರಣ ಹೇಳಿಕೊಟ್ಟಿದ್ದು ಹೀಗೆ

ನನ್ನ ಅಕ್ಕನ ಮಗಳು ಕಾಮಾಕ್ಷಿಪಾಳ್ಯದ ಕಡೆ ಸರ್ಕಾರಿ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದವಳು. ಎಸ್ಸೆಸ್ಸೆಲ್ಸಿಗೆ ಬಂದಾಗ ಗಣಿತ, ವಿಜ್ಞಾನಕ್ಕೆ ಹೆದರಲಿಲ್ಲ. ಇಂಗ್ಲಿಷ್ ಅಂದರೆ ಮಾತ್ರ ಕೈಕಾಲು ತಣ್ಣಗಾಗುತ್ತಿತ್ತು. ನಾನು ಟೀಚರ್ ಅಲ್ಲ, ಒಂದು ಕಂಪನಿಯಲ್ಲಿ ಲೆಕ್ಕಪತ್ರ ನೋಡುತ್ತೇನೆ. ಆದರೆ ನಾನೂ ಕನ್ನಡ ಮಾಧ್ಯಮದಲ್ಲೇ ಓದಿದ್ದು. ಹಾಗಾಗಿ ಆ ಹೆದರಿಕೆ ಎಲ್ಲಿಂದ ಬರುತ್ತದೆ ಅಂತ ನನಗೆ ಗೊತ್ತು. ಸಂಜೆ ನಾನು ಆಫೀಸಿನಿಂದ ಬಂದ ಮೇಲೆ ಅವಳು ವಿಜಯನಗರದ ನಮ್ಮ ಮನೆಗೆ ಬರುತ್ತಿದ್ದಳು. ಆಮೇಲೆ ಅವಳ ಗೆಳತಿಯರೂ ಸೇರಿಕೊಂಡರು.

ಕನ್ನಡ ಮಾಧ್ಯಮದ ಮಕ್ಕಳಿಗೆ ಇಂಗ್ಲಿಷ್ ದ್ವಿತೀಯ ಭಾಷೆ. ಲಿಖಿತ ಪರೀಕ್ಷೆಗೆ 80 ಅಂಕ, ಆಂತರಿಕ ಮೌಲ್ಯಮಾಪನಕ್ಕೆ 20. ಪಾಠ, ಪದ್ಯದ ಪ್ರಶ್ನೆಗಳಿಗೆ ಗೈಡ್ ಇದೆ, ಉರು ಹೊಡೆದು ಬರೆಯುವವರು ಇದ್ದಾರೆ. ವ್ಯಾಕರಣ, ಪದಸಂಪತ್ತು, ನೋಡಿರದ ಪ್ಯಾಸೇಜ್ ಓದಿ ಉತ್ತರಿಸೋದು, ಇವಕ್ಕೆ ಉರು ಹೊಡೆದರೆ ಆಗುವುದಿಲ್ಲ. ಪ್ರತಿ ವರ್ಷ ವಾಕ್ಯ ಬೇರೆ. ಆದ್ದರಿಂದ ನಾನು ಹಿಡಿದದ್ದು ಈ ಭಾಗವನ್ನೇ.

ನಾನು ಹಿಡಿದ ದಾರಿ ಒಂದೇ. ಯಾವ ನಿಯಮವನ್ನೂ ಇಂಗ್ಲಿಷಿನಿಂದ ಶುರು ಮಾಡುವುದಿಲ್ಲ. ಮೊದಲು ಇದೇ ಮಾತನ್ನು ಮನೆಯಲ್ಲಿ ಹೇಗೆ ಆಡುತ್ತೀವಿ ಅಂತ ಕೇಳಬೇಕು. ಆಮೇಲೆ ಇಂಗ್ಲಿಷ್ ಎಲ್ಲಿ ನಮ್ಮ ಜೊತೆಗೇ ಬರುತ್ತದೆ, ಎಲ್ಲಿ ಬೇರೆ ದಾರಿ ಹಿಡಿಯುತ್ತದೆ ಅಂತ ತೋರಿಸಬೇಕು. ಮಕ್ಕಳು ತಪ್ಪು ಮಾಡುವುದು ಹೆಚ್ಚಾಗಿ ದಾರಿ ಕವಲೊಡೆಯುವ ಆ ಜಾಗದಲ್ಲೇ.

ರಿಪೋರ್ಟೆಡ್ ಸ್ಪೀಚ್, ಅಂದರೆ ಒಬ್ಬರು ಆಡಿದ ಮಾತನ್ನು ಇನ್ನೊಬ್ಬರು ಹೇಳುವುದು, ಅದನ್ನು ತೆಗೆದುಕೊಳ್ಳಿ. ರವಿ ನನಗೆ 'ಐ ವಿಲ್ ಕಮ್ ಟುಮಾರೋ' ಅಂದ. ಕನ್ನಡದಲ್ಲಿ 'ನಾನು ನಾಳೆ ಬರ್ತೀನಿ ಅಂತ ರವಿ ಹೇಳಿದ' ಅಂದರೆ ಮುಗೀತು. ನಾನು, ನಾಳೆ, ಬರ್ತೀನಿ, ಮೂರೂ ಅವನು ಆಡಿದ ಹಾಗೇ ಉಳಿದಿವೆ. 'ಅಂತ' ಒಂದು ಸೇರಿದರೆ ಸಾಕು. ಇಂಗ್ಲಿಷಿನಲ್ಲಿ ಮೂರೂ ಬದಲಾಗಬೇಕು: 'ರವಿ ಟೋಲ್ಡ್ ಮಿ ದಟ್ ಹೀ ವುಡ್ ಕಮ್ ದ ನೆಕ್ಸ್ಟ್ ಡೇ'. ನಮ್ಮ ಮಕ್ಕಳು 'ದಟ್ ಐ ವಿಲ್ ಕಮ್ ಟುಮಾರೋ' ಅಂತ ಬರೆದರೆ ಅದು ದಡ್ಡತನ ಅಲ್ಲ, ಅಚ್ಚ ಕನ್ನಡ. ಇದನ್ನು ಹಾಗೇ ಬಿಡಿಸಿ ಹೇಳಿದಾಗ ಅವಳ ಮುಖ ಸಡಿಲವಾಯಿತು.

ಆಮೇಲೆ ಅವಳಿಗೆ ಹೀಗೆ ಹೇಳಿದೆ: ಈಗ ಈ ಮಾತನ್ನು ಹೇಳುತ್ತಿರುವುದು ಯಾರು, ನೀನು. ನಿನಗೆ ರವಿ 'ನಾನು' ಆಗುತ್ತಾನಾ? ಇಲ್ಲ, 'ಅವನು'. ಅವನು ಹೇಳಿ ಆಗಿದೆ, ಅಂದಮೇಲೆ 'ವಿಲ್' ಹಿಂದಕ್ಕೆ ಸರಿದು 'ವುಡ್'. ಅವನ ನಾಳೆ ನಿನ್ನ ನಾಳೆ ಅಲ್ಲ, ಅದಕ್ಕೇ 'ದ ನೆಕ್ಸ್ಟ್ ಡೇ'. ಪ್ರತಿ ವಾಕ್ಯಕ್ಕೂ ಇದೇ ಮೂರು ಪ್ರಶ್ನೆ: ಯಾರು, ಯಾವ ಕಾಲ, ಯಾವ ದಿನ. ಅಭ್ಯಾಸಕ್ಕೆ ಪುಸ್ತಕದ ವಾಕ್ಯ ಕೊಡಲಿಲ್ಲ. ಬಂದ ತಕ್ಷಣ 'ಇವತ್ತು ಶಾಲೆಯಲ್ಲಿ ಯಾರು ಏನಂದರು, ಇಂಗ್ಲಿಷಿನಲ್ಲಿ ಹೇಳು' ಅನ್ನುತ್ತಿದ್ದೆ. ಪಿಟಿ ಮೇಷ್ಟ್ರು ಬೈದಿದ್ದು, ಗೆಳತಿ ಪೆನ್ನು ಕೇಳಿದ್ದು, ಎಲ್ಲಾ ರಿಪೋರ್ಟೆಡ್ ಸ್ಪೀಚ್ ಆಗಿ ಬರುತ್ತಿತ್ತು. ಪೆನ್ನು ಕೇಳಿದ್ದರಿಂದಲೇ 'ಇಫ್' ಕೂಡ ಬಂತು: 'ಶಿ ಆಸ್ಕ್ಡ್ ಮಿ ಇಫ್ ಐ ಹ್ಯಾಡ್ ಎ ಪೆನ್'.

ಪ್ಯಾಸಿವ್ ವಾಯ್ಸ್‌ನಲ್ಲಿ ಇದಕ್ಕೆ ಉಲ್ಟಾ. ಅಲ್ಲಿ ಇಂಗ್ಲಿಷ್ ನಮ್ಮ ಜೊತೆಗೇ ಬರುತ್ತದೆ. ಕನ್ನಡ ವ್ಯಾಕರಣದಲ್ಲಿ ಮಕ್ಕಳು ಕರ್ತರಿ, ಕರ್ಮಣಿ ಓದಿರುತ್ತಾರೆ, ಆದರೆ 'ರಾಮನಿಂದ ರಾವಣನು ಕೊಲ್ಲಲ್ಪಟ್ಟನು' ಅಂತ ಮನೆಯಲ್ಲಿ ಯಾರೂ ಮಾತಾಡುವುದಿಲ್ಲ. ಬೆಂಗಳೂರಿನ ಗೋಡೆ, ಗೇಟುಗಳ ಮೇಲೆ ಇನ್ನೊಂದು ರೂಪ ಇದೆ. 'ಇಲ್ಲಿ ವಾಹನ ನಿಲ್ಲಿಸಿದರೆ ಗಾಳಿ ತೆಗೆಯಲಾಗುವುದು.' ಅದರ ಪಕ್ಕದಲ್ಲೇ 'ನೋ ಪಾರ್ಕಿಂಗ್, ಟೈರ್ಸ್ ವಿಲ್ ಬಿ ಡಿಫ್ಲೇಟೆಡ್'. ಗಾಳಿ ತೆಗೆಯುವವರು ಯಾರು? ಬೋರ್ಡು ಹೇಳುವುದಿಲ್ಲ. ಹೇಳುವ ಅಗತ್ಯವೂ ಇಲ್ಲ. ಕೆಲಸ ಮಾಡುವವರು ಮರೆಗೆ ಹೋದರು, ಟೈರು ಮುಂದೆ ಬಂತು. ಪ್ಯಾಸಿವ್ ಅಂದರೆ ಇಷ್ಟೇ.

ಆಮೇಲೆ ಕಾಲಗಳನ್ನು ಜೋಡಿಸಿದೆವು. 'ಮಾಡಲಾಗುವುದು' ಅಂದರೆ 'ವಿಲ್ ಬಿ'. 'ಮಾಡಲಾಗುತ್ತಿದೆ' ಅಂದರೆ 'ಈಸ್ ಬೀಯಿಂಗ್'. 'ಮಾಡಲಾಗಿದೆ' ಅಂದರೆ 'ಹ್ಯಾಸ್ ಬೀನ್'. 'ಮಾಡಲಾಯಿತು' ಅಂದರೆ 'ವಾಸ್'. ಇವುಗಳ ನಂತರ ಬರುವ ಕ್ರಿಯಾಪದ ಯಾವಾಗಲೂ ಮೂರನೇ ರೂಪದಲ್ಲಿ: ಡನ್, ರಿಟನ್, ಕ್ಲೋಸ್ಡ್. 'ಈಸ್ ಬೀಯಿಂಗ್' ಅವಳಿಗೆ ವರ್ಷಗಟ್ಟಲೆ ತಲೆಗೆ ಹತ್ತಿರಲಿಲ್ಲ. ಮಾಗಡಿ ರಸ್ತೆಯಲ್ಲಿ ಅಗೆದು ಹಾಕಿದ ಜಾಗದಲ್ಲಿ ನಿಂತು 'ದ ರೋಡ್ ಈಸ್ ಬೀಯಿಂಗ್ ರಿಪೇರ್ಡ್' ಅಂದಾಗ ಹತ್ತಿತು. ಎದುರಿಗೇ ಕೆಲಸ ನಡೀತಾ ಇತ್ತಲ್ಲ!

ಕ್ವೆಶ್ಚನ್ ಟ್ಯಾಗ್ ಸುಲಭ, ಆದರೂ ಅಂಕ ಹೋಗುವುದು ಅಲ್ಲೇ. ನಮಗೆ ಎಲ್ಲದಕ್ಕೂ ಒಂದೇ 'ಅಲ್ವಾ'. ಅವಳು ಡಾಕ್ಟರ್ ಅಲ್ವಾ, ನೀನು ನಿನ್ನೆ ಬಂದೆ ಅಲ್ವಾ. ಇಂಗ್ಲಿಷಿನ 'ಅಲ್ವಾ' ಪ್ರತಿ ವಾಕ್ಯಕ್ಕೂ ವೇಷ ಬದಲಿಸುತ್ತದೆ: 'ಈಸಂಟ್ ಶಿ', 'ಡಿಡಂಟ್ ಯು'. ವಾಕ್ಯದ ಸಹಾಯಕ ಕ್ರಿಯಾಪದವನ್ನು (ಈಸ್, ವಾಸ್, ವಿಲ್ ಥರದ್ದು) ಎತ್ತಿಕೊಂಡು ತಿರುಗಿಸಬೇಕು. ಸಹಾಯಕ ಇಲ್ಲದಿದ್ದರೆ ಡು, ಡಸ್, ಡಿಡ್ ಪೈಕಿ ಒಂದನ್ನು ತರಬೇಕು. ವಾಕ್ಯದಲ್ಲಿ ಮೊದಲೇ 'ನಾಟ್' ಇದ್ದರೆ ಟ್ಯಾಗ್‌ನಲ್ಲಿ 'ನಾಟ್' ಬರಬಾರದು. ನಾನು ಕನ್ನಡದಲ್ಲಿ ವಾಕ್ಯ ಹೇಳಿ 'ಅಲ್ವಾ' ಅಂದರೆ ಅವರು ಬರೀ ಟ್ಯಾಗ್ ಹೇಳಬೇಕು. ಅಡುಗೆ ಮಾಡುತ್ತಲೇ ಇದನ್ನು ಆಡಿಸಬಹುದು.

ಪ್ರಿಪೊಸಿಷನ್‌ಗೆ ಮಾತ್ರ ಅಡ್ಡದಾರಿ ಇಲ್ಲ. ನಮ್ಮ 'ಅಲ್ಲಿ' ಪ್ರತ್ಯಯ ಒಂದೇ. ಬೆಂಗಳೂರಿನಲ್ಲಿ, ಬಸ್‌ಸ್ಟಾಪಿನಲ್ಲಿ, ಬಸ್ಸಿನಲ್ಲಿ. ಇಂಗ್ಲಿಷಿನಲ್ಲಿ ಅದು ಇನ್, ಆಟ್, ಆನ್ ಅಂತ ಮೂರಾಗುತ್ತದೆ. ಓದಿ ಓದಿಯೇ ಕಿವಿಗೆ ಬರಬೇಕು.

ನನಗೆ ತುಂಬಾ ಖುಷಿ ಕೊಟ್ಟಿದ್ದು ನಮ್ಮ ಲಿಪಿ. 'ಎ' (a) ಹಾಕಬೇಕೋ 'ಆನ್' (an) ಹಾಕಬೇಕೋ ಅನ್ನುವ ಪ್ರಶ್ನೆಗೆ ಇಂಗ್ಲಿಷ್ ಅಕ್ಷರ ನೋಡಿದರೆ ಮೋಸ. ಉಚ್ಚಾರಣೆಯನ್ನು ಕನ್ನಡದಲ್ಲಿ ಬರೆದು ನೋಡಬೇಕು. 'ಅವರ್', ಸ್ವರದಿಂದ ಶುರು, 'ಆನ್ ಅವರ್'. 'ಯೂನಿವರ್ಸಿಟಿ', ವ್ಯಂಜನದಿಂದ ಶುರು, 'ಎ ಯೂನಿವರ್ಸಿಟಿ'. 'ಎಂಎಲ್‌ಎ' ಸ್ವರ, ಅದಕ್ಕೇ 'ಆನ್ ಎಂಎಲ್‌ಎ'. 'ಒನ್' ಅಂತ ನಾವು ಬರೆದರೂ ಅದರ ಸರಿಯಾದ ಉಚ್ಚಾರಣೆ 'ವನ್', ಹಾಗಾಗಿ 'ಎ ವನ್ ರುಪಿ ಕಾಯಿನ್'. ಸ್ವರ, ವ್ಯಂಜನ ಒಂದನೇ ಕ್ಲಾಸಿನಿಂದ ಕಲಿತದ್ದೇ ತಾನೇ! ಸಿಲಬಲ್, ಅಂದರೆ ಪದದ ಉಚ್ಚಾರಣೆಯ ತುಂಡುಗಳನ್ನು ಎಣಿಸುವ ಪ್ರಶ್ನೆಗೂ ಲಿಪಿಯೇ ಸಹಾಯಕ್ಕೆ ಬರುತ್ತದೆ. 'ಹಾಸ್ಪಿಟಲ್' ಅಂತ ಬರೆಯಿರಿ. ಕೊನೆಯ 'ಲ್' ಅರ್ಧಾಕ್ಷರ, ಅದನ್ನು ಬಿಡಿ. ಹಾ, ಸ್ಪಿ, ಟ, ಒಟ್ಟು ಮೂರು. 'ಟೀಚರ್' ಎರಡು. 'ಸ್ಕೂಲ್' ಒಂದೇ. ಆದರೆ ಕೆಲವರು ಆಡುವ ಹಾಗೆ 'ಇಸ್ಕೂಲು' ಅಂತ ಬರೆದರೆ ಲೆಕ್ಕ ತಪ್ಪುತ್ತದೆ, ಅದಕ್ಕೆ ಉಚ್ಚಾರಣೆ ಮೊದಲು ಸರಿ ಇರಬೇಕು.

ಪದಗಳಿಗೆ ದಪ್ಪ ಡಿಕ್ಷನರಿ ಹಿಡಿದು ಕೂರಿಸಲಿಲ್ಲ. ಮಕ್ಕಳು ದಿನಾ ಆಡುವ ಮಾತಿನಲ್ಲೇ ನೂರಾರು ಇಂಗ್ಲಿಷ್ ಪದ ಇವೆ. ಅರ್ಥ ಗೊತ್ತು, ಸ್ಪೆಲಿಂಗ್ ಗೊತ್ತಿಲ್ಲ, ಅದರ ಬಳಗ ಗೊತ್ತಿಲ್ಲ. 'ಬಸ್ ಪಾಸ್ ರಿನ್ಯೂ ಮಾಡಿಸಬೇಕು' ಅನ್ನುವ ಹುಡುಗಿಗೆ 'ರಿನ್ಯೂವಲ್' ಒಂದು ಹೆಜ್ಜೆ. 'ಅಡ್ರೆಸ್ ಪ್ರೂಫ್' ಗೊತ್ತಿದ್ದವಳಿಗೆ 'ಪ್ರೂವ್'. 'ರಿಸರ್ವೇಶನ್' ಗೊತ್ತಿದ್ದರೆ 'ರಿಸರ್ವ್'. ಸರಿಯಾದ ರೂಪ ತುಂಬಿರಿ ಅನ್ನುವ ಪ್ರಶ್ನೆಗೆ ಬೇಕಾದದ್ದು ಇದೇ. ಒಂದೊಂದು ಪದಕ್ಕೂ ನೋಟ್‌ಬುಕ್‌ನಲ್ಲಿ ಒಂದು ಸಾಲು, ಅದರ ಮುಂದೆ ಅವಳದೇ ಒಂದು ವಾಕ್ಯ. ವಾಕ್ಯ ಇಲ್ಲದ ಪದ ನಾಳೆಗೆ ಮರೆತುಹೋಗುತ್ತದೆ.

ಓದಿಸಲು ಇಂಗ್ಲಿಷ್ ಪತ್ರಿಕೆಯ ಸ್ಥಳೀಯ ಪುಟ ಹಿಡಿದೆ. ಭಾನುವಾರ ಹಂಪಿನಗರದ ಗ್ರಂಥಾಲಯದಲ್ಲಿ ಕೂತು ಓದುತ್ತಿದ್ದೆವು. ಸಂಪಾದಕೀಯ ಅಲ್ಲ, ಬೆಸ್ಕಾಂನವರ ಕರೆಂಟ್ ಕಡಿತದ ಸೂಚನೆ, ನೀರು ಬರುವುದಿಲ್ಲ ಅನ್ನುವ ಸುದ್ದಿ. ವಿಷಯ ಮೊದಲೇ ಗೊತ್ತಿರುತ್ತದೆ, ಏರಿಯಾ ಹೆಸರುಗಳು ಗೊತ್ತಿರುತ್ತವೆ, ಹಾಗಾಗಿ ಗೊತ್ತಿಲ್ಲದ ಪದದ ಅರ್ಥ ತಾನಾಗೇ ಊಹೆಗೆ ಸಿಗುತ್ತದೆ. ಪರೀಕ್ಷೆಯ ಪ್ಯಾಸೇಜ್‌ಗೆ ಬೇಕಾದದ್ದು ಈ ಊಹೆ. ಒಂದು ಪದ ಅಡ್ಡ ಬಂತು ಅಂತ ನಿಲ್ಲಬಾರದು, ವಾಕ್ಯ ಮುಗಿಸಬೇಕು.

ಪ್ಯಾಸೇಜ್‌ನಲ್ಲಿ ಮೊದಲು ಪ್ರಶ್ನೆ ಓದಿ, ಆಮೇಲೆ ಪ್ಯಾಸೇಜ್ ಓದಿ, ಉತ್ತರ ಇರುವ ಸಾಲಿಗೆ ಪೆನ್ಸಿಲ್ ಗೆರೆ ಹಾಕಿ. ಇದು ಎಲ್ಲರೂ ಹೇಳುವುದೇ. ಹೆಚ್ಚು ಹೇಳದ ಒಂದು ಸಂಗತಿ ಇದೆ. ಪ್ರಶ್ನೆ 'ವೈ ಡಿಡ್ ದ ಫಾರ್ಮರ್ ಗೋ ಟು ದ ಟೌನ್' ಅಂತ ಇದ್ದರೆ ಮಕ್ಕಳು 'ದ ಫಾರ್ಮರ್ ಡಿಡ್ ಗೋ' ಅಂತ ಬರೆಯುತ್ತಾರೆ, ಇಲ್ಲವೇ 'ಡಿಡ್ ವೆಂಟ್' ಅಂತ. ಪ್ರಶ್ನೆಯಲ್ಲಿ 'ಡಿಡ್' ಭೂತಕಾಲವನ್ನು ಹೊತ್ತಿರುತ್ತದೆ. ಉತ್ತರದಲ್ಲಿ 'ಡಿಡ್' ಇಳಿದು ಹೋಗುತ್ತದೆ, ಹೊರೆ 'ಗೋ' ಮೇಲೆ ಬಂದು ಅದು 'ವೆಂಟ್' ಆಗುತ್ತದೆ. ಇಷ್ಟು ತಿದ್ದಿದ್ದಕ್ಕೆ ಅವಳ ಉತ್ತರಗಳ ಚೆಹರೆಯೇ ಬದಲಾಯಿತು. ನನ್ನ ಲೆಕ್ಕದಲ್ಲಿ ಹೈಸ್ಕೂಲಿನಲ್ಲಿ ಎಲ್ಲಕ್ಕಿಂತ ಮೊದಲು ಹೇಳಿಕೊಡಬೇಕಾದ ವ್ಯಾಕರಣ ಇದು.

ಪತ್ರಲೇಖನ, ಪ್ರೊಫೈಲ್ (ವ್ಯಕ್ತಿಪರಿಚಯ), ಚಿತ್ರ ನೋಡಿ ಬರೆಯುವುದು, ಇವಕ್ಕೆ ಶಾಲೆಯಲ್ಲಿ ಕೊಡುವ ಅಭ್ಯಾಸ ಸಾಕು. ನಾನು ಜಾಸ್ತಿ ತಲೆ ಹಾಕಲಿಲ್ಲ.

ಹಳೆಯ ಪ್ರಶ್ನೆಪತ್ರಿಕೆ ಬಿಡಿಸಲು ಡಿಸೆಂಬರ್ ನಂತರ ಕೂರಿಸಿದೆ. ಅಷ್ಟರಲ್ಲಿ ವ್ಯಾಕರಣ ಒಂದು ಸುತ್ತು ಮುಗಿದಿರಬೇಕು, ಇಲ್ಲದಿದ್ದರೆ ಅಂಕ ನೋಡಿ ಮಕ್ಕಳು ಕುಗ್ಗಿಹೋಗುತ್ತಾರೆ. ಮಾದರಿ ಪತ್ರಿಕೆಗಳು ಪರೀಕ್ಷಾ ಮಂಡಳಿಯ ವೆಬ್‌ಸೈಟಿನಲ್ಲೇ ಸಿಗುತ್ತವೆ. 2024, 2025ರಲ್ಲಿ ವರ್ಷಕ್ಕೆ ಮೂರು ಪರೀಕ್ಷೆ ನಡೆದಿದ್ದರಿಂದ ಅಭ್ಯಾಸಕ್ಕೆ ಪತ್ರಿಕೆಗಳಿಗೆ ಬರ ಇಲ್ಲ. ಮೊಬೈಲಿನಲ್ಲಿ ನೋಡಿ ಬಿಡಿಸುವುದು ಬೇಡ, ಜೆರಾಕ್ಸ್ ತೆಗೆಸಿ. ಪೆನ್ಸಿಲ್ ಗೆರೆ ಹಾಕಲು ಕಾಗದವೇ ಬೇಕು. ಮನೆಯಲ್ಲೂ ಗಡಿಯಾರ ಇಟ್ಟು, ಪ್ರಶ್ನೆಪತ್ರಿಕೆ ಓದಿಕೊಳ್ಳಲು ಕೊಡುವ 15 ನಿಮಿಷವನ್ನೂ ಸೇರಿಸಿಯೇ ಕೂರಿಸುತ್ತಿದ್ದೆ. ಆ 15 ನಿಮಿಷದಲ್ಲಿ ಅವಳು ಪೂರ್ತಿ ಪತ್ರಿಕೆ ಓದುತ್ತಿರಲಿಲ್ಲ. ನೇರವಾಗಿ ಪ್ಯಾಸೇಜ್‌ಗೆ ಹೋಗಿ ಅದರ ಪ್ರಶ್ನೆ, ಆಮೇಲೆ ಪ್ಯಾಸೇಜ್ ಎರಡು ಸಲ ಓದುತ್ತಿದ್ದಳು. ತಲೆ ದಣಿಯುವ ಮೊದಲೇ ಹೊಸ ಓದು ಮುಗಿದಿರುತ್ತಿತ್ತು. ಬರೆಯಲು ಬೆಲ್ ಆದ ಕೂಡಲೇ ಪ್ಯಾಸೇಜ್‌ನ ಉತ್ತರ, ಅದಾದ ಮೇಲೆ ವ್ಯಾಕರಣ, ಪಾಠ, ಪದ್ಯ, ಕೊನೆಗೆ ಪತ್ರ ಮತ್ತು ಪ್ರಬಂಧ. ಪ್ರಶ್ನೆ ಸಂಖ್ಯೆ ಸರಿಯಾಗಿ ಹಾಕಿದರೆ ಯಾವ ಕ್ರಮದಲ್ಲಿ ಬರೆದರೂ ನಡೆಯುತ್ತದೆ.