ಪಿವಿಸಿ ಪೈಪಿನ ತುಂಡು, ಹಾಕಿ ಬಾಲ್ ಮತ್ತು ನನ್ನ ಕೋಚಿಂಗ್

ಹೋದ ಏಪ್ರಿಲ್‌ನಲ್ಲಿ ರೆಪ್ ಟೀಮಿನ (ಬೇರೆ ಊರಿನವರ ಜೊತೆ ಆಡೋಕೆ ಆರಿಸೋ ಮಕ್ಕಳ ಐಸ್ ಹಾಕಿ ಟೀಮು) ಟ್ರೈಔಟ್ ಮುಗಿದ ಸಂಜೆ ಒಬ್ಬರು ಫೋನ್ ಮಾಡಿದರು. "ಸಾರ್, ಮಕ್ಕಳ ಸ್ಟಿಕ್ಕಿಗೆ ಹಾಕ್ತೀರಲ್ಲ, ಆ ಪೈಪ್ ಎಷ್ಟು ಇಂಚಿನದು?" ಅಂತ ಕೇಳಿದರು. ಇದೇ ಮನುಷ್ಯ ಎರಡು ವರ್ಷದ ಹಿಂದೆ ಅರೀನಾದ ಕಾಫಿ ಕೌಂಟರ್ ಮುಂದೆ ನಿಂತು, ಫೀಲ್ಡ್ ಹಾಕಿಯವನು ಐಸ್ ಹಾಕಿ ಕಲಿಸೋದು ಅಂದ್ರೆ ಎತ್ತಿನ ಗಾಡಿ ಹೊಡೆದವನು ವಿಮಾನ ಹತ್ತಿದ ಹಾಗೆ ಅಂದಿದ್ದರು. ನಮ್ಮ ಕನ್ನಡದವರೇ. ಒಂದೂವರೆ ಇಂಚು ಅಂದೆ. ಉಳಿದದ್ದು ಹೇಳಲಿಲ್ಲ.

ನಾನು ಸೋಮವಾರಪೇಟೆ ಕಡೆಯವನು. ಬೆಂಗಳೂರಿನಲ್ಲಿ ಒಂದು ಇಲಾಖೆಯ ಟೀಮಿಗೆ ಏಳೆಂಟು ವರ್ಷ ಆಡಿದೆ. ಆಡೋದಕ್ಕೇ ಸಂಬಳ, ಶುರುವಿನಲ್ಲಿ ತಿಂಗಳಿಗೆ ಆರೂವರೆ ಸಾವಿರವೋ ಏನೋ. ಮಂಡಿ ಹೋಯಿತು, ಆಟವೂ ಹೋಯಿತು. 2013ರಲ್ಲಿ ಹೆಂಡತಿಗೆ ಕೆಲಸ ಸಿಕ್ಕಿ ಕೆನಡಾದ ಒಂಟಾರಿಯೊದ ಮಿಲ್ಟನ್‌ಗೆ ಬಂದೆವು. ಇಲ್ಲಿ ಹಾಕಿ ಅಂದರೆ ಐಸ್ ಹಾಕಿ ಒಂದೇ. ನಾನೂ ಹಾಕಿ ಪ್ಲೇಯರ್ ಅಂದರೆ ಖುಷಿಯಿಂದ ಯಾವ ಪೊಸಿಷನ್ ಅಂತ ಕೇಳೋರು, ಹುಲ್ಲಿನ ಮೇಲೆ ಆಡೋದು ಅಂದ ತಕ್ಷಣ ಮುಖ ಸಪ್ಪಗೆ. ಇಲ್ಲಿ ಅದನ್ನು ಆಡೋದು ಹೆಚ್ಚಾಗಿ ಹುಡುಗಿಯರು.

ಮಗನನ್ನು ಸ್ಕೇಟಿಂಗಿಗೆ ಸೇರಿಸಿದಾಗ ನಾನೂ ಸೇರಿದೆ. ಆಗ ನನಗೆ 36. ಐದು ವರ್ಷದ ಮಕ್ಕಳು ನನ್ನ ಪಕ್ಕದಲ್ಲೇ ಸುಯ್ ಅಂತ ಹೋಗುತ್ತಿದ್ದರು, ನಾನು ಐಸಿನ ಸುತ್ತಲಿನ ಬೋರ್ಡ್ ಹಿಡಿದುಕೊಂಡು ಗೋಡೆ ಹಿಡಿದ ಕುಡುಕನ ಹಾಗೆ. "ಏನ್ರೀ, ಈ ವಯಸ್ಸಲ್ಲಿ ಬೇಕಿತ್ತಾ?" ಅಂತ ಹೆಂಡತಿ. ಎರಡು ತಿಂಗಳು ಸ್ಟಾಪ್ ಮಾಡೋಕೇ ಬರಲಿಲ್ಲ. ಆಮೇಲೆ ಗೊತ್ತಾಯಿತು, ಸೆಕೆಂಡ್‌ಹ್ಯಾಂಡ್ ಸ್ಕೇಟ್ಸ್ ತಂದಿದ್ದೆನಲ್ಲ, ಅದರ ಬ್ಲೇಡಿನ ಹಾಲೋ, ಅಂದರೆ ತಳದಲ್ಲಿ ಉದ್ದಕ್ಕೂ ಕೊರೆಯೋ ಹಳ್ಳ, 3/8 ಇಂಚಿನದು. ಈ ಅಳತೆ ಸಣ್ಣದಾದಷ್ಟೂ ಹಳ್ಳ ಆಳ. ನನ್ನದು ಆಗ 88 ಕಿಲೋ. ಇಷ್ಟು ಭಾರಕ್ಕೆ ಅಷ್ಟು ಆಳ ಕೊರೆದರೆ ಬ್ಲೇಡ್ ಐಸಿಗೆ ಕಚ್ಚಿಕೊಳ್ಳುತ್ತೆ, ಜಾರೋದೇ ಇಲ್ಲ. 5/8ಕ್ಕೆ ಸಾಣೆ ಹಿಡಿಸಿದೆ, ಮರುದಿನವೇ ನಿಂತೆ. ಅಷ್ಟರಲ್ಲಿ ಸೊಂಟಕ್ಕೆ ಫಿಸಿಯೋ ಅಂತ ಮುನ್ನೂರು ಡಾಲರ್ ಕೈಬಿಟ್ಟಿತ್ತು.

ಕೋಚ್ ಆಗೋಕೆ ಬೇಕಾದ ಪೊಲೀಸ್ ಚೆಕ್, ಆನ್‌ಲೈನ್ ಕೋರ್ಸ್, ತರಬೇತಿ ಕ್ಲಿನಿಕ್ ಎಲ್ಲ ಮುಗಿಸಿದೆ. ಮೂರು ವರ್ಷ ಹೌಸ್ ಲೀಗ್‌ನಲ್ಲಿ (ಊರಿನ ಮಕ್ಕಳು ತಮ್ಮತಮ್ಮಲ್ಲೇ ಆಡೋ ಲೀಗ್) ಬೆಂಚಿನ ಬಾಗಿಲು ತೆಗೆಯೋ ಅಸಿಸ್ಟೆಂಟ್ ಆಗಿದ್ದೆ. 2021ರಲ್ಲಿ ಯಾರೂ ಮುಂದೆ ಬರದಿದ್ದಕ್ಕೆ ಹನ್ನೊಂದು ವರ್ಷದೊಳಗಿನವರ ಟೀಮಿಗೆ (ಯು11) ಹೆಡ್ ಕೋಚ್ ಆದೆ. ಮೊದಲ ಸೀಸನ್ ಇಪ್ಪತ್ತು ಚಿಲ್ಲರೆ ಪಂದ್ಯದಲ್ಲಿ ಮೂರು ಗೆದ್ದೆವು. ಮೂರೋ ನಾಲ್ಕೋ.

ತಪ್ಪು ನನ್ನದೇ. ಫೀಲ್ಡ್ ಹಾಕಿಯಲ್ಲಿ 1998ರ ಹೊತ್ತಿಗೇ ಆಫ್‌ಸೈಡ್ ತೆಗೆದುಹಾಕಿದ್ದರು, ನಾನು ಸೀನಿಯರ್ ಆಡಿದ್ದೆಲ್ಲ ಅದಾದ ಮೇಲೆ. ಅಂದರೆ ಆಫ್‌ಸೈಡ್ ಅನ್ನೋದು ನನ್ನ ಮೈಗೇ ಬಂದಿರಲಿಲ್ಲ. ಒಬ್ಬ ಚುರುಕು ಹುಡುಗನನ್ನು ನಮ್ಮ ಸೆಂಟರ್ ಫಾರ್ವರ್ಡ್ ತರಹ ಮುಂದೆ ನಿಲ್ಲಿಸಿದೆ. ಐಸ್ ಹಾಕಿಯಲ್ಲಿ ಪಕ್ಕಿಗಿಂತ (ಚೆಂಡಿನ ಬದಲಿರೋ ರಬ್ಬರ್ ಬಿಲ್ಲೆ) ಮೊದಲೇ ಎದುರಾಳಿ ಕಡೆಯ ಬ್ಲೂ ಲೈನ್ ದಾಟಿದರೆ ಆಫ್‌ಸೈಡ್. ಅವನು ದಾಟಿ ಕಾಯೋದು, ಪಕ್ ಆಮೇಲೆ ಬರೋದು, ರೆಫರಿ ವಿಸಿಲ್. ಒಂದೇ ಪಂದ್ಯದಲ್ಲಿ ಹದಿನೇಳು ಸಲ. ಇನ್ನೊಂದು, ಫೀಲ್ಡ್ ಹಾಕಿಯಲ್ಲಿ ಬಾಲ್ ಕಾಲಿಗೆ ತಾಗಿದರೆ ಫೌಲ್, ಅದೇ ಅಭ್ಯಾಸದಲ್ಲಿ ಪಕ್ ಕಾಲಿಗೆ ತಾಗಿದರೆ ನಾನು ಬೆಂಚಿನಿಂದ "ಫುಟ್! ಫುಟ್!" ಅಂತ ಕೂಗೋದು. ಇಲ್ಲಿ ಪಕ್ಕನ್ನು ಕಾಲಲ್ಲಿ ಒದ್ದು ಸ್ಟಿಕ್ಕಿಗೆ ತಂದುಕೊಳ್ಳೋದು ಒಂದು ಸ್ಕಿಲ್. ನನ್ನ ಕೂಗಿಗೆ ಹೆದರಿ ಪಾಪ ಮಕ್ಕಳು ಕಾಲು ಎತ್ತಿ ಪಕ್ ಬಿಟ್ಟುಬಿಡುತ್ತಿದ್ದರು.

ನಾನು ತಂದ ಸಿಸ್ಟಮ್ ಎಲ್ಲ ವೇಸ್ಟ್ ಅಂತಾದ ಮೇಲೆ, ನನ್ನ ಹತ್ತಿರ ಇವರಿಗಿಲ್ಲದ್ದು ಏನಿದೆ ಅಂತ ಯೋಚಿಸಿದೆ. ಮಣಿಕಟ್ಟು ಇದೆ.

ನಮ್ಮ ಡ್ರಿಬಲ್‌ನಲ್ಲಿ ಸ್ಟಿಕ್ ತಿರುಗಿಸೋದು ಮೇಲಿನ ಕೈ, ಕೆಳಗಿನ ಕೈ ಸುಮ್ನೆ ಜೊತೆಗಿರಬೇಕು. ಐಸ್ ಹಾಕಿಯಲ್ಲೂ ಅಷ್ಟೇ. ಆದರೆ ಮಕ್ಕಳು ಕೆಳಗಿನ ಕೈಯನ್ನು ಸನಿಕೆ ಹಿಡಿದ ಹಾಗೆ ಬಿಗಿ ಹಿಡಿಯುತ್ತಾರೆ. ಬಾಯಲ್ಲಿ ಎಷ್ಟು ಹೇಳಿದರೂ ಅಷ್ಟೇ. ಅದಕ್ಕೆ ಒಂದೂವರೆ ಇಂಚಿನ ಪಿವಿಸಿ ಪೈಪ್ ತಂದು ಐದೈದು ಇಂಚು ಕತ್ತರಿಸಿದೆ. ಸ್ಟಿಕ್ಕಿನ ಮೇಲ್ತುದಿಗೆ ಟೇಪಿನ ಗುಬಟು ಸುತ್ತುವ ಮೊದಲೇ ತೂರಿಸಬೇಕು, ಆಮೇಲೆ ಹೋಗಲ್ಲ. ಕೆಳಗಿನ ಕೈ ಪೈಪನ್ನು ಹಿಡಿಯುತ್ತೆ, ಸ್ಟಿಕ್ ಅದರೊಳಗೆ ತಾನೇ ತಿರುಗುತ್ತೆ. ಬಿಗಿ ಹಿಡಿಯೋಣ ಅಂದರೂ ಹಿಡಿಯೋಕೆ ಏನೂ ಇಲ್ಲ! ಮೊದಲ ದಿನ ಹತ್ತು ನಿಮಿಷಕ್ಕೆ ಮಕ್ಕಳ ಮೇಲಿನ ಕೈ ನೋವು ಅಂತ ಶುರುವಾಯಿತು. ಅದೇ ಬೇಕಾಗಿದ್ದದ್ದು.

ಐಸ್ ಮೇಲೆ ಇದಕ್ಕೆಲ್ಲ ಪುರಸೊತ್ತಿಲ್ಲ. ಒಳ್ಳೆ ಟೈಮಿನ ಐಸ್ ಗಂಟೆಗೆ ಮುನ್ನೂರು ಡಾಲರ್ ಹತ್ತಿರ. ಒಂದು ಸಲ ಸ್ಟಾಪ್‌ವಾಚ್ ಹಿಡಿದು ನೋಡಿದೆ, 50 ನಿಮಿಷದ ಪ್ರಾಕ್ಟೀಸ್‌ನಲ್ಲಿ ಒಬ್ಬ ಹುಡುಗನ ಸ್ಟಿಕ್ಕಿಗೆ ಪಕ್ ತಾಗಿದ್ದು ಒಟ್ಟು ಎರಡು ನಿಮಿಷವೂ ಇಲ್ಲ. ಹಾಗಾಗಿ 2023ರ ಬೇಸಿಗೆಯಲ್ಲಿ ನಮ್ಮ ಡ್ರೈವ್‌ವೇನಲ್ಲೇ ಶುರು ಮಾಡಿದೆ, ಪಕ್ ಬದಲು ನಮ್ಮ ಹಾಕಿ ಬಾಲ್. ಪಕ್ಕಿನ ತೂಕ 160 ಗ್ರಾಂ ಆಸುಪಾಸು, ಬಾಲ್ ಕೂಡ ಅಷ್ಟೇ. ಆದರೆ ಬಾಲ್ ಉರುಳುತ್ತೆ, ಒಂದು ಕ್ಷಣ ಮೈ ಮರೆತರೆ ಮೋರಿಗೆ. ಬಾಲ್ ಹಿಡಿತಕ್ಕೆ ಬಂದವನಿಗೆ ಐಸ್ ಮೇಲೆ ಪಕ್ ಮಲಗಿದ ಹಾಗೆ ಕಾಣುತ್ತೆ.

ಎರಡನೇ ವಾರ ಪಕ್ಕದ ಮನೆಯ ಗ್ಯಾರೇಜ್ ಬಾಗಿಲಿಗೆ ಬಾಲ್ ಬಡಿದು ಬಟ್ಟಲಿನಷ್ಟು ತಗ್ಗಾಯಿತು. ನಾನೂರು ಡಾಲರ್ ಕೊಟ್ಟೆ. ಮಕ್ಕಳಿಂದ ತಲೆಗೆ ಇಪ್ಪತ್ತು ತಗೊಳ್ಳುತ್ತಿದ್ದೆ, ಲೆಕ್ಕ ಹಾಕಿದರೆ ಆ ಬೇಸಿಗೆ ನಷ್ಟವೇ. ಟೆನಿಸ್ ಕೋರ್ಟಿಗೆ ಹೋದೆವು, ಓಡಿಸಿದರು. ಕೊನೆಗೆ ಬೇಸಿಗೆಯಲ್ಲಿ ಐಸ್ ತೆಗೆದು ಬರಿ ಸಿಮೆಂಟ್ ನೆಲ ಬಾಡಿಗೆಗೆ ಕೊಡುತ್ತಾರಲ್ಲ, ಅದು ಸಿಕ್ಕಿತು, ಐಸಿನ ಮೂರನೇ ಒಂದು ಭಾಗ ದುಡ್ಡಿಗೆ.

ನಡುವೆ ಬೇರೆ ಹುಚ್ಚಾಟವೂ ನಡೆಯಿತು. ಗಾಲ್ಫ್ ಬಾಲ್ ನೋಡಿದೆ, ಪುಟಿದು ಪುಟಿದು ತಲೆನೋವು. ಟೆನಿಸ್ ಬಾಲ್ ನೀರಲ್ಲಿ ನೆನೆಸಿ ನೋಡಿದೆ, ಊರಲ್ಲಿ ಕ್ರಿಕೆಟ್‌ಗೆ ಮಾಡುತ್ತಿದ್ದ ಹಾಗೆ. ಪೆಟ್ಟು ಕಮ್ಮಿ, ಬಟ್ಟೆ ಒದ್ದೆ, ಅಮ್ಮಂದಿರ ಬೈಗುಳ ಜಾಸ್ತಿ. ಇನ್ನೊಂದು ಜಗಳ ಯಾವ ಕೈ ಅನ್ನೋದು. ಫೀಲ್ಡ್ ಹಾಕಿಯಲ್ಲಿ ಎಡಗೈ ಸ್ಟಿಕ್ಕೇ ಇಲ್ಲ, ಎಡಚನೂ ಬಲಗೈ ಕೆಳಗಿಟ್ಟೇ ಆಡಬೇಕು. ಆ ಲೆಕ್ಕದಲ್ಲಿ ಇಂಡಿಯಾದ ಹಾಕಿ ಆಟಗಾರರೆಲ್ಲ ಇಲ್ಲಿಯ ರೈಟ್ ಶಾಟ್. ಕೆನಡಾದಲ್ಲಿ ಎಡಗೈ ಕೆಳಗಿಡೋ ಲೆಫ್ಟ್ ಶಾಟ್‌ಗಳೇ ಜಾಸ್ತಿ. ಬಲಗೈಯಲ್ಲಿ ಬರೆಯೋ ಮಗನಿಗೆ ಲೆಫ್ಟ್ ಸ್ಟಿಕ್ ಕೊಡಿ ಅಂತ ಎಲ್ಲರೂ ಹೇಳಿದರು. ನಾನು ಕೇಳಲಿಲ್ಲ. ಈಗ ರೈಟ್ ಶಾಟ್ ಡಿಫೆನ್ಸ್ ಬೇಕು ಅಂತ ಅವನನ್ನು ಹುಡುಕಿಕೊಂಡು ಬರುತ್ತಾರೆ. ಅದೃಷ್ಟ ಅನ್ನಿ ಬೇಕಾದರೆ.

ಐಸ್ ಮೇಲೆ ಆಡದವನು ಏನು ಕಲಿಸ್ತಾನೆ ಅನ್ನೋರಿಗೆ ನಾನು ಜಾನ್ ಕೂಪರ್ ಹೆಸರು ಹೇಳುತ್ತೇನೆ. ಪ್ರೊ ಆಡೇ ಇಲ್ಲ, ವಕೀಲಿಕೆ ಬಿಟ್ಟು ಕೋಚ್ ಆಗಿ ಬಂದು ಟ್ಯಾಂಪಾ ಬೇ ಟೀಮಿಗೆ 2020, 2021 ಎರಡು ಸ್ಟಾನ್ಲಿ ಕಪ್, ಅಂದರೆ ಇಲ್ಲಿಯ ಅತಿ ದೊಡ್ಡ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ನ ಕಪ್. ನಮ್ಮವರಿಗೆ ಕೋಚಿಂಗ್ ಎಲ್ಲಿ ಬರುತ್ತೆ ಅನ್ನೋರಿಗೆ ಮ್ಯಾನಿ ಮಲ್ಹೋತ್ರಾ. ಭಾರತೀಯ ಮೂಲದ ತಂದೆ, ಹುಟ್ಟಿದ್ದು ಇಲ್ಲೇ ಪಕ್ಕದ ಮಿಸ್ಸಿಸಾಗಾದಲ್ಲಿ, ಸಾವಿರಕ್ಕೆ ಸ್ವಲ್ಪ ಕಮ್ಮಿ ಎನ್‌ಎಚ್‌ಎಲ್ ಪಂದ್ಯ. 2011ರಲ್ಲಿ ಪಕ್ ಕಣ್ಣಿಗೆ ಬಡಿದ ಮೇಲೂ ಆಡಿದರು. ಆಮೇಲೆ ಕೋಚ್ ಆಗಿ 2025ರಲ್ಲಿ ಆಬಟ್ಸ್‌ಫರ್ಡ್ ಟೀಮಿಗೆ ಕಾಲ್ಡರ್ ಕಪ್ (ಎನ್‌ಎಚ್‌ಎಲ್‌ಗಿಂತ ಒಂದು ಮೆಟ್ಟಿಲು ಕೆಳಗಿನ ಲೀಗಿನ ಕಪ್) ಗೆದ್ದುಕೊಟ್ಟರು, ಹೆಡ್ ಕೋಚ್ ಆದ ಮೊದಲ ವರ್ಷದಲ್ಲೇ. ಅವರು ಆಡುತ್ತಿದ್ದಾಗಿನ ಫೇಸ್‌ಆಫ್ (ಆಟ ಶುರುವಿಗೆ ರೆಫರಿ ಬಿಟ್ಟ ಪಕ್ಕಿಗೆ ಇಬ್ಬರ ಪೈಪೋಟಿ) ನೋಡಿ, ಪೂರಾ ಕೈಚಳಕ.

ಇನ್ನು ನನ್ನ ಲೆಕ್ಕ. ಎರಡು ಬೇಸಿಗೆ ಬಿಡದೆ ಬಂದ ಮಕ್ಕಳು ಒಂಬತ್ತು. ಹೋದ ಏಪ್ರಿಲ್‌ನಲ್ಲಿ ಅವರಲ್ಲಿ ಐದು ಮಕ್ಕಳು ರೆಪ್ ಟೀಮಿಗೆ ಸೆಲೆಕ್ಟ್. ಅದರಲ್ಲಿ ಇಬ್ಬರು ಸ್ಕೇಟಿಂಗ್‌ನಲ್ಲಿ ಅಷ್ಟಕ್ಕಷ್ಟೇ, ಸುಳ್ಳು ಹೇಳಲ್ಲ. ಪೈಪ್ ಸ್ಕೇಟಿಂಗ್ ಕಲಿಸಲ್ಲ. ಆದರೆ ತಲೆ ಎತ್ತಿಕೊಂಡು ಆಡುತ್ತಾರೆ, ಪಕ್ ನೋಡೋದೇ ಇಲ್ಲ.

ಮಾಡಿ ನೋಡೋರು ಪೈಪಿನ ಅಂಚನ್ನು ಮರಳುಕಾಗದದಿಂದ ಉಜ್ಜಿ, ಇಲ್ಲದಿದ್ದರೆ ಗ್ಲೌಸ್ ಹರಿಯುತ್ತೆ. ಒಳಗೆ ನಾನು ಏನು ಸವರುತ್ತೇನೆ, ಯಾವ ವಾರ ಪೈಪ್ ತೆಗೆಯುತ್ತೇನೆ ಅಂತ ಕೇಳಬೇಡಿ, ಅದು ಹೊಟ್ಟೆಪಾಡು. ಈ ಬೇಸಿಗೆಗೆ ಹದಿನಾಲ್ಕು ಮಕ್ಕಳು ಬರೆಸಿದ್ದಾರೆ, ತಲೆಗೆ ಮೂವತ್ತೈದು ಡಾಲರ್. ಫೋನ್ ಮಾಡಿದ್ದ ಆ ಎತ್ತಿನ ಗಾಡಿಯವರ ಮಗನೂ ಇದ್ದಾನೆ. ಒಳ್ಳೆ ಹುಡುಗ, ಮಣಿಕಟ್ಟೂ ಚೆನ್ನಾಗಿದೆ. ರಿಯಾಯಿತಿ ಮಾತ್ರ ಕೊಟ್ಟಿಲ್ಲ.