ಹಾವಸೆಯೊಳಗಿನ ರೋಟಿಫರ್: ಅದರ ಊಟ ನೋಡುವುದು ಹೇಗೆ?

ಮಳೆ ಹಿಡಿದರೆ ಮಲೆನಾಡಿನ ಜಂಬಿಟ್ಟಿಗೆ ಗೋಡೆ, ಹೆಂಚು, ಬಾವಿಕಟ್ಟೆ ಎಲ್ಲಕ್ಕೂ ಹಾವಸೆ ಕಟ್ಟುತ್ತದೆ. ಅದರೊಳಗೆ ರೋಟಿಫರ್ ಎಂಬ ಕಣ್ಣಿಗೆ ಕಾಣದಷ್ಟು ಸಣ್ಣ ನೀರಿನ ಪ್ರಾಣಿಗಳಿರುತ್ತವೆ. ಹೆಚ್ಚಿನವು ಅರ್ಧ ಮಿಲಿಮೀಟರ್‌ಗಿಂತ ಚಿಕ್ಕವು. ಇಡೀ ಮೈಗೆ ಸುಮಾರು 1000 ಜೀವಕೋಶ ಅಷ್ಟೇ. ಆದರೂ ದವಡೆ, ಹೊಟ್ಟೆ, ಮಿದುಳು ಎಲ್ಲ ಉಂಟು. ಮೈ ಪಾರದರ್ಶಕ. ಹಾಗಾಗಿ ತಿಂದ ತುತ್ತು ಎಲ್ಲಿಗೆ ಹೋಯಿತು ಅಂತ ಕಣ್ಣಾರೆ ನೋಡಬಹುದು. ಶಾಲೆಯ ಮಾಮೂಲಿ ಮೈಕ್ರೋಸ್ಕೋಪ್ ಸಾಕು.

ಮೆತ್ತಗಿನ, ದಪ್ಪ ಹಾವಸೆಯನ್ನು ಒಂದು ಚಿಟಿಕೆ ಕಿತ್ತುಕೊಳ್ಳಿ. ಕೊಳೆರೋಗಕ್ಕೆ ಔಷಧಿ ಹೊಡೆದ ಅಡಿಕೆ ತೋಟದ್ದು ಬೇಡ. ಅದರಲ್ಲಿರುವ ಮೈಲುತುತ್ತ ಇವುಗಳಿಗೆ ವಿಷ. ಬಟ್ಟಲಲ್ಲಿ ಮಳೆನೀರು ಹಾಕಿ ರಾತ್ರಿಯಿಡೀ ನೆನೆಸಿ. ಕ್ಲೋರಿನ್ ಹಾಕಿದ ನಲ್ಲಿನೀರು ಬೇಡ. ಬೆಳಿಗ್ಗೆ ಹಾವಸೆ ಹಿಂಡಿ ತೆಗೆದು, ತಳದಲ್ಲಿ ನಿಂತ ಗಸಿಯಿಂದ ಡ್ರಾಪರ್‌ನಲ್ಲಿ ಒಂದು ಹನಿ ಗಾಜಿನ ಪಟ್ಟಿಗೆ ಬಿಡಿ. ಹತ್ತಿಯ ಎರಡು ಎಳೆ ಇಟ್ಟು ಮೇಲೆ ತೆಳು ಗಾಜು ಮುಚ್ಚಿ. ಎಳೆ ಇದ್ದರೆ ಜೀವಿ ಜಜ್ಜಿಹೋಗುವುದಿಲ್ಲ, ಜಾಸ್ತಿ ದೂರ ಓಡುವುದೂ ಇಲ್ಲ.

ಮೊದಲು 40 ಪಟ್ಟು ದೊಡ್ಡದು ಮಾಡಿ ಹುಡುಕಿ. ಇಂಬಳದ ಹಾಗೆ ಮೈ ಹಿಗ್ಗಿಸಿ ಕುಗ್ಗಿಸಿ ಹೋಗುತ್ತಿದ್ದರೆ ಅದೇ. ಸಿಕ್ಕಿದ ಮೇಲೆ 100 ಪಟ್ಟಿಗೆ ಹೋಗಿ, ಬೆಳಕು ತಗ್ಗಿಸಿ, ಸುಮ್ನೆ ಕಾಯಿರಿ. ಕಾಲಿನ ತುದಿಯಲ್ಲಿ ಅಂಟು ಸುರಿಸುವ ಗ್ರಂಥಿ ಇದೆ. ಅದರಿಂದ ಒಂದೆಡೆ ಅಂಟಿ ನಿಂತು ತಲೆ ಬಿಚ್ಚುತ್ತದೆ. ಎರಡು ಚಕ್ರ ಗಿರಗಿರ ತಿರುಗಿದಂತೆ ಕಾಣುತ್ತದೆ, ಅಲ್ವಾ? ನಿಜವಾಗಿ ಏನೂ ತಿರುಗುವುದಿಲ್ಲ. ಸಣ್ಣ ರೋಮಗಳು ಒಂದರ ಹಿಂದೆ ಒಂದು ಬಾಗಿ ಏಳುತ್ತವೆ. ಆ ಸೆಳೆತಕ್ಕೆ ನೀರು ಸುಳಿಯಾಗಿ ಬಾಯಿಯ ಕಡೆ ಬರುತ್ತದೆ.

ಈಗ ಊಟ ಕೊಡಿ. ಬೇಕರಿಯ ಯೀಸ್ಟ್ ನಾಲ್ಕು ಕಾಳು ನೀರಿನಲ್ಲಿ ಕದಡಿ, ತಿಳಿಯಾದ ಒಂದು ಹನಿಯನ್ನು ಗಾಜಿನ ಅಂಚಿಗೆ ಮುಟ್ಟಿಸಿ. ಜಾಸ್ತಿ ಹಾಕಿದರೆ ಏನೂ ಕಾಣದು. ಒಂದೇ ಕಣದ ಮೇಲೆ ಕಣ್ಣಿಡಿ. ಸುಳಿಗೆ ಸಿಕ್ಕಿ ಬಾಯಿಗೆ ಬಂದು, ಗಂಟಲಿನ ಕೆಳಗೆ ಬಿಡದೆ ಮಿಡಿಯುವ ಭಾಗಕ್ಕೆ ಇಳಿಯುತ್ತದೆ. ಅದು ಹೃದಯವಲ್ಲ, ರೋಟಿಫರ್‌ಗೆ ಹೃದಯವೇ ಇಲ್ಲ. ಅದು ದವಡೆ. ಅಲ್ಲಿ ಅರೆದದ್ದು ಹೊಟ್ಟೆಗೆ ಹೋಗುತ್ತದೆ. ನನಗಂತೂ ಈ ದವಡೆಯೇ ಎಲ್ಲಕ್ಕಿಂತ ಸೊಗಸು. ಕೆರೆಯಲ್ಲೂ ಇಂಥ ರೋಟಿಫರ್‌ಗಳು ಪಾಚಿ, ಬ್ಯಾಕ್ಟೀರಿಯಾ ತಿಂದು, ತಾವು ಮೀನುಮರಿಗೆ ಆಹಾರವಾಗುತ್ತವೆ.

ಉಳಿದ ಹಾವಸೆಯನ್ನು ನೆರಳಲ್ಲಿ ನಿಧಾನಕ್ಕೆ ಒಣಗಿಸಿ ಕಾಗದದ ಕವರಿನಲ್ಲಿಡಿ. ಹಾವಸೆಯ ರೋಟಿಫರ್‌ಗಳು ಒಣಗಿಯೂ ಬದುಕಬಲ್ಲವು. ಬೇಸಿಗೆ ರಜೆಯಲ್ಲಿ ನೀರು ಹಾಕಿ ಮಕ್ಕಳಿಗೆ ತೋರಿಸಬಹುದು.