ಬ್ರೇಕ್ ಲೈಟ್ ಹೋಲ್ಡರ್‌ಗೆ ಕರೆಂಟ್ ಬರುತ್ತಿದೆಯೇ? ನೋಡುವುದು ಹೀಗೆ

ಹೊಸ ಬಲ್ಬ್ ಹಾಕಿದರೂ ಕಾರಿನ ಬ್ರೇಕ್ ಲೈಟ್ ಉರಿಯುತ್ತಿಲ್ಲವೇ? ಮತ್ತೊಂದು ಬಲ್ಬ್ ಕೊಳ್ಳುವ ಮುನ್ನ ಹೋಲ್ಡರ್ ಪರೀಕ್ಷಿಸಿ. ಒಂದು ಸಾಧಾರಣ ಡಿಜಿಟಲ್ ಮಲ್ಟಿಮೀಟರ್ ಸಾಕು. ಮನೆಯ ಪ್ಲಗ್ ನೋಡುವ ಟೆಸ್ಟರ್ ಇಲ್ಲಿ ಬೇಡ, 12 ವೋಲ್ಟ್‌ಗೆ ಅದು ಉರಿಯುವುದೇ ಇಲ್ಲ.

12 ವೋಲ್ಟ್ ಸಾಮಾನ್ಯವಾಗಿ ಶಾಕ್ ಹೊಡೆಯುವುದಿಲ್ಲ. ಇಲ್ಲಿನ ಅಪಾಯ ಶಾರ್ಟ್ ಸರ್ಕಿಟ್. ಉಂಗುರ, ಬಳೆ, ವಾಚು ತೆಗೆದಿಡಿ. ಲೋಹ ಕ್ಷಣದಲ್ಲಿ ಕಾದು ಚರ್ಮ ಸುಡುತ್ತದೆ. ಝೆನಾನ್ ಹೆಡ್‌ಲೈಟ್‌ಗಳ ತಂಟೆಗೆ ಮಾತ್ರ ಹೋಗಲೇಬೇಡಿ, ಅವು ಹೊತ್ತಿಕೊಳ್ಳುವಾಗ ಸಾವಿರಾರು ವೋಲ್ಟ್ ಇರುತ್ತದೆ. ಹೈಬ್ರಿಡ್, ಎಲೆಕ್ಟ್ರಿಕ್ ಕಾರುಗಳ ಕಿತ್ತಳೆ ಬಣ್ಣದ ಕೇಬಲ್‌ಗಳನ್ನೂ ಮುಟ್ಟಬಾರದು.

ಕಾರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು ಎಂಜಿನ್ ಆಫ್ ಮಾಡಿ. ಬಲ್ಬ್ ತಣ್ಣಗಾದ ಮೇಲೆ ಬಿಚ್ಚಿ. ಫ್ಯೂಸ್ ಹೋಗಿದ್ದರೆ ಅಷ್ಟೇ ಆಂಪಿಯರ್‌ನದ್ದನ್ನೇ ಹಾಕಬೇಕು. ತಂತಿ ಸುತ್ತಿದರೆ ಬೆಂಕಿಯನ್ನು ಕರೆದಂತೆ.

ಮೀಟರನ್ನು ಡಿಸಿ 20 ವೋಲ್ಟ್‌ಗೆ ತಿರುಗಿಸಿ. ಕೆಂಪು ವೈರ್ 10 ಆಂಪಿಯರ್ ತೂತಿನಲ್ಲಿ ಇಲ್ಲವೆಂದು ಖಚಿತಪಡಿಸಿಕೊಳ್ಳಿ. ಅಲ್ಲಿದ್ದರೆ ಮೀಟರ್ ಮೂಲಕವೇ ಶಾರ್ಟ್ ಆಗುತ್ತದೆ. ಮೊದಲು ಬ್ಯಾಟರಿ ಅಳೆಯಿರಿ. ಸರಿಯಾಗಿ ಚಾರ್ಜ್ ಆಗಿದ್ದರೆ 12.6ರ ಆಸುಪಾಸು ತೋರಿಸಬೇಕು.

ಈಗ ಕಪ್ಪು ಕಡ್ಡಿಯನ್ನು ಬಾಡಿಯ ಬಣ್ಣವಿಲ್ಲದ ಬೋಲ್ಟ್‌ಗೆ, ಕೆಂಪನ್ನು ಹೋಲ್ಡರ್‌ನ ಕಾಂಟ್ಯಾಕ್ಟ್‌ಗೆ ಮುಟ್ಟಿಸಿ. ಕೆಂಪು ಕಡ್ಡಿಯ ತುದಿ ಕಾಂಟ್ಯಾಕ್ಟ್‌ಗೂ ಹೋಲ್ಡರ್‌ನ ಲೋಹದ ಗೋಡೆಗೂ ಒಟ್ಟಿಗೆ ತಾಗದಿರಲಿ. ಇನ್ನೊಬ್ಬರಿಗೆ ಬ್ರೇಕ್ ಒತ್ತಲು ಹೇಳಿ. ಕೆಲವು ಕಾರುಗಳಲ್ಲಿ ಕೀ ಆನ್ ಮಾಡಬೇಕಾಗಬಹುದು, ಎಂಜಿನ್ ಮಾತ್ರ ಆಫ್ ಇರಲಿ. ಎರಡು ಫಿಲಮೆಂಟಿನ ಬಲ್ಬ್ ಆದರೆ ಕಾಂಟ್ಯಾಕ್ಟ್ ಎರಡಿರುತ್ತವೆ, ಒಂದು ಬ್ರೇಕಿನ 21 ವ್ಯಾಟ್‌ಗೆ, ಇನ್ನೊಂದು ಪಾರ್ಕಿಂಗಿನ 5 ವ್ಯಾಟ್‌ಗೆ. ಎರಡನ್ನೂ ನೋಡಿ.

12 ಬಂತೇ? ಸಮಾಧಾನ ಬೇಡ, ಅರ್ಥಿಂಗ್ (ಕರೆಂಟ್ ಬಾಡಿಯ ಮೂಲಕ ಬ್ಯಾಟರಿಗೆ ಮರಳುವ ದಾರಿ) ಇನ್ನೂ ಬಾಕಿ. ಕಪ್ಪು ಕಡ್ಡಿಯನ್ನು ಬಾಡಿಯಿಂದ ತೆಗೆದು ಹೋಲ್ಡರ್‌ನದೇ ಅರ್ಥ್ ಕಾಂಟ್ಯಾಕ್ಟ್‌ಗೆ ಮುಟ್ಟಿಸಿ ಮತ್ತೆ ಅಳೆಯಿರಿ. ಸಂಖ್ಯೆ ಇಳಿದರೆ ತಪ್ಪು ಅರ್ಥ್‌ನಲ್ಲೇ. ಕರಾವಳಿಯ ಉಪ್ಪುಗಾಳಿ, ಮಳೆಗೆ ಇಲ್ಲಿ ಹಸಿರು ಕಿಲುಬು ಕಟ್ಟುವುದು ಮಾಮೂಲು. ಕೀ ಆಫ್ ಮಾಡಿ ಸಣ್ಣ ಸ್ಯಾಂಡ್ ಪೇಪರ್‌ನಿಂದ ಉಜ್ಜಿ.

ಇಲ್ಲೇ ಹಲವರು ಎಡವುವುದು. ಒಂದೇ ಎಳೆ ಉಳಿದ ವೈರ್ ಕೂಡ ಮೀಟರ್‌ಗೆ 12 ವೋಲ್ಟ್ ತೋರಿಸಬಲ್ಲದು. 21 ವ್ಯಾಟ್ ಬಲ್ಬ್ ಎಳೆಯುವ ಸುಮಾರು 1.75 ಆಂಪಿಯರ್ ಹೊರುವ ಶಕ್ತಿ ಅದಕ್ಕಿಲ್ಲದಿರಬಹುದು. ಹಾಗಾಗಿ ಬಲ್ಬ್ ಹಾಕಿ, ಬ್ರೇಕ್ ಒತ್ತಿಸಿ, ಹೋಲ್ಡರ್‌ನ ಹಿಂಬದಿಯ ಟರ್ಮಿನಲ್‌ಗಳಲ್ಲಿ ಮತ್ತೊಮ್ಮೆ ಅಳೆಯಿರಿ. ವೋಲ್ಟೇಜ್ ಕುಸಿದರೆ ದಾರಿಯಲ್ಲೆಲ್ಲೋ ವೈರ್ ಅಥವಾ ಜೋಡಣೆ ಕೆಟ್ಟಿದೆ.

ಎಡ, ಬಲ ಎರಡೂ ಲೈಟ್‌ಗಳ ಹೋಲ್ಡರ್‌ಗೆ ಏನೂ ಬರದಿದ್ದರೆ ಫ್ಯೂಸ್ ಬಿಟ್ಟರೆ ಪೆಡಲ್ ಮೇಲಿನ ಬ್ರೇಕ್ ಸ್ವಿಚ್ ನೋಡಿ. ಡಿಕ್ಕಿ ಬಾಗಿಲಿಗೇ ಕೂರಿಸಿದ ಲೈಟ್ ಮಾತ್ರ ಸತ್ತಿದ್ದರೆ, ಬಾಗಿಲು ತೆರೆದಾಗಲೆಲ್ಲ ಬಾಗುವ ರಬ್ಬರ್ ಕೊಳವೆಯೊಳಗೆ ವೈರ್ ತುಂಡಾಗಿರಬಹುದು. ಮೊದಲು ಅಲ್ಲೇ ಹುಡುಕಿ.